ಭೂಮಿ ಯಾರ ಅಂಗಡಿ ಮುಂದೆ

ಶಾಲೆಯ ಬೀದಿಯಲ್ಲಿ ಹಾಸಿಗೆ ಹೊಲಿಯುವವನೊಬ್ಬನಿದ್ದ. ಕೈಯಲ್ಲಿ ಸದಾ ದಬ್ಬಳ, ಅಂದರೆ ಗೇಣುದ್ದದ ದಪ್ಪ ಸೂಜಿ, ಇರುತ್ತಿದ್ದುದರಿಂದ ಜನ ಅವನನ್ನು ದಬ್ಬಳ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅವನು ಹೊಲಿದ ಹಾಸಿಗೆಯ ಮೇಲೆ ಮಲಗಿದವನೊಬ್ಬ ಮೂರು ದಿನ ಏಳಲಿಲ್ಲವೆಂದೂ, ಗಾಬರಿಯಾಗಿ ಡಾಕ್ಟರನ್ನು ಕರೆಸಿದರೆ ಡಾಕ್ಟರೂ ಪಕ್ಕದಲ್ಲಿ ಒರಗಿ ಗೊರಕೆ ಹೊಡೆದರೆಂದೂ ಬೀದಿಯವರು ಇಂದಿಗೂ ಹೇಳುತ್ತಾರೆ. ಊರಿಗೆಲ್ಲ ನಿದ್ದೆ ಹಂಚುವ ಈ ಮನುಷ್ಯನಿಗೆ ಮಾತ್ರ ನಿದ್ದೆಯಿರಲಿಲ್ಲ. ಕಾರಣ, ಅವನ ಷಡ್ಡಕ.

ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ, ಅದೇ ಬೀದಿಯ ದರ್ಜಿ. ಕೆಟ್ಟವನೇನಲ್ಲ, ಅದೇ ದೊಡ್ಡ ತೊಂದರೆ. ಬೈಯಲು ಒಂದು ಕಾರಣವನ್ನಾದರೂ ಕೊಡಬಾರದೇ? ಮಾವನ ಮನೆಗೆ ಹೋದರೆ ಕೈಯಿರುವ ಕುರ್ಚಿ ಯಾವಾಗಲೂ ದರ್ಜಿಗೆ, ದಬ್ಬಳನಿಗೆ ಸ್ಟೂಲು. ಆ ಕುರ್ಚಿಯ ಮೆತ್ತೆ ಹೊಲಿದುಕೊಟ್ಟವನು ದಬ್ಬಳನೇ. ಹನ್ನೆರಡು ವರ್ಷ ಅವನು ಸ್ಟೂಲಿನ ಮೇಲೆ ಕೂತು, ತನ್ನ ಹತ್ತಿಯ ಮೇಲೆ ಇನ್ನೊಬ್ಬ ಸುಖವಾಗಿ ಕೂತದ್ದನ್ನು ನೋಡಿದ್ದ. ಅವನ ಹೊಟ್ಟೆಯ ಉರಿಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದರೆ ಇಡೀ ಬೀದಿಯ ಬಟ್ಟೆ ಇದ್ದಲಿಲ್ಲದೆ ಇಸ್ತ್ರಿಯಾಗುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಅವರಿಬ್ಬರ ನಾದಿನಿ ಟೇಪು ಹಿಡಿದು ಬೀದಿಗಿಳಿದಳು. ಆಕೆ ಶಾಲೆಯಲ್ಲಿ ವಿಜ್ಞಾನದ ಟೀಚರು. ಶನಿವಾರ ಬೆಳಿಗ್ಗೆ ಮಕ್ಕಳಿಗೆ ಸೌರಮಂಡಲವನ್ನು ನಿಜವಾದ ಅಳತೆಯಲ್ಲಿ ತೋರಿಸುವುದಂತೆ. ಶಾಲೆಯ ಗೇಟಿಗೆ ಒಂದು ಫುಟ್‌ಬಾಲು, ಅದೇ ಸೂರ್ಯ. ಅಲ್ಲಿಂದ ಅಳೆಯುತ್ತ ಹೋಗಿ, ಯಾವ ಗ್ರಹ ಯಾವ ಅಂಗಡಿಯ ಮುಂದೆ ಬರುತ್ತದೋ ಆ ಅಂಗಡಿಯವರೇ ಅದನ್ನು ಇಟ್ಟು ನೋಡಿಕೊಳ್ಳಬೇಕು. ನೋಡಲು, ಮನೆಯಲ್ಲಿ ಆ ಕುರ್ಚಿ ಹಾಕಿಕೊಡುವ ಅತ್ತೆಯೂ ಬರುತ್ತಾರೆ.

"ಭೂಮಿ ಎಲ್ಲಿ ಬರತ್ತೆ?" ದಬ್ಬಳ ಕೇಳಿದ.

"ಇಪ್ಪತ್ತಮೂರೂವರೆ ಮೀಟರಿಗೆ. ಸರಿಯಾಗಿ ದೊಡ್ಡ ಭಾವನ ಅಂಗಡಿ ಮುಂದೆ!"

ದಬ್ಬಳನ ಬೆರಳಿಗೆ ಸೂಜಿ ಚುಚ್ಚಿತು. ಕೈಯಲ್ಲಿ ಆಗ ಸೂಜಿ ಇರಲಿಲ್ಲ, ಆದರೂ ಚುಚ್ಚಿತು.

"ನನ್ನ ಅಂಗಡಿಗೆ?"

ನಾದಿನಿ ಕಾಗದ ನೋಡಿದಳು, ಟೇಪು ನೋಡಿದಳು, ಕೊನೆಗೆ ನೆಲ ನೋಡಿದಳು. "ನೀವು ಎಂಬತ್ತು ಮೀಟರಲ್ಲಿದ್ದೀರಿ ಚಿಕ್ಕ ಭಾವ. ಮಂಗಳ ಆಗಲೇ ಮುಗಿದು ಹೋಗಿರತ್ತೆ. ಗುರು ಅಲ್ಲಿ ಕ್ಲಿನಿಕ್ ಹತ್ರ. ನಿಮ್ಮಲ್ಲಿ... ಏನೂ ಇಲ್ಲ."

"ಏನೂ ಅಂದ್ರೆ ಏನೂ?"

"ಮಧ್ಯದಲ್ಲಿ ಚೂರುಪಾರು ಕಲ್ಲುಗಳಿವೆ. ಅವೂ ಸೈಕಲ್ ಅಂಗಡಿಯಿಂದ ಶುರುವಾಗಿ ನಿಮ್ಮ ಪಕ್ಕದ ಮನೆಗೇ ಮುಗೀತವೆ."

ಪಂಕ್ಚರ್ ಹಾಕುವವನಿಗೂ ನಾಲ್ಕು ಕಲ್ಲು! ದರ್ಜಿಗೆ ಇಡೀ ಭೂಮಿ, ಸಮುದ್ರ, ಪರ್ವತ, ಆನೆ ಒಂಟೆ ಸಮೇತ. ತನಗೆ ಖಾಲಿ.

ಸಂಜೆ ನಾದಿನಿ ಶಾಲೆಯಿಂದ ಬರುವುದನ್ನೇ ಕಾದು ತಡೆದ. "ಅಲ್ಲಮ್ಮಾ, ಸೂರ್ಯ ಇನ್ನೂ ದೊಡ್ಡದಾದ್ರೆ?"

"ಎಲ್ಲಾ ದೂರಾನೂ ಅಷ್ಟೇ ಪಟ್ಟು ಹೆಚ್ಚತ್ತೆ ಭಾವ. ಸೂರ್ಯ ಎಷ್ಟು ಅಗಲಾನೋ, ಅದರ ನೂರಾ ಏಳು ಪಟ್ಟು ದೂರಕ್ಕೆ ಭೂಮಿ."

ಜೀವಮಾನವಿಡೀ ಹಾಸಿಗೆಯ ಉದ್ದಗಲ ಅಳೆದವನಿಗೆ ಲೆಕ್ಕ ಮಾಡಲು ಎರಡು ನಿಮಿಷ ಹಿಡಿಯಲಿಲ್ಲ. "ಹಾಗಾದ್ರೆ ಮುಕ್ಕಾಲು ಮೀಟರಿನ ಸೂರ್ಯ ನಾನು ಹೊಲಿದುಕೊಡ್ತೀನಿ. ಕಾಲಲ್ಲಿ ಒದೆಯೋ ಚೆಂಡನ್ನ ಸೂರ್ಯ ಅನ್ನೋದು ಆ ಸೂರ್ಯನಿಗೇ ಅವಮಾನ."

ನಾದಿನಿ ಅವನ ಮುಖವನ್ನೇ ನೋಡಿದಳು. "ಮುಕ್ಕಾಲಾದ್ರೆ ಭೂಮಿ ಎಂಬತ್ತು ಮೀಟರಿಗೆ ಬರತ್ತೆ, ಅಲ್ವಾ ಭಾವ?"

"ಹೌದಾ? ನಂಗೆ ಹೊಳೆಯಲೇ ಇಲ್ಲ ನೋಡು," ಎಂದ ದಬ್ಬಳ. ಅವಳು ನಗು ತಡೆಯಲು ಕೆಮ್ಮಿದಳು. ಆದರೆ ಒಪ್ಪಿದಳು.

ಎರಡು ದಿನ ದಬ್ಬಳ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತ. ಹಳದಿ ಬಟ್ಟೆಯನ್ನು ಹನ್ನೆರಡು ಎಲೆಗಳಂತೆ ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ, ಎರಡು ಹಾಸಿಗೆಯ ಹತ್ತಿ ತುಂಬಿದ. ಒಂದು ಕಡೆ ಉಬ್ಬಿದರೆ ಬಿಚ್ಚಿದ, ಒಂದು ಕಡೆ ಕುಗ್ಗಿದರೆ ಮತ್ತೆ ತುಂಬಿದ. ಹೊಟ್ಟೆಕಿಚ್ಚಿನಿಂದ ಇಷ್ಟು ದುಂಡನೆಯ ವಸ್ತು ಹುಟ್ಟಿದ್ದು ಪ್ರಪಂಚದಲ್ಲಿ ಅದೇ ಮೊದಲು. ನೆಲದ ಮೇಲಿಟ್ಟರೆ ಯಾವ ಕಡೆ ಉರುಳಬೇಕೆಂದು ತಿಳಿಯದೆ ಅದು ಅರ್ಧ ಗಂಟೆ ಯೋಚಿಸುತ್ತಿತ್ತಂತೆ.

ಶನಿವಾರ ಸೂರ್ಯ ಶಾಲೆಯ ಗೇಟಿಗೇರಿತು. ದರ್ಜಿಯ ಅಂಗಡಿಯ ಮುಂದೆ ಈಗ ಏನೂ ಇಲ್ಲ. ಮೊದಲನೆಯ ಗ್ರಹವಾದ ಬುಧ ಕೂಡ ಅವನನ್ನು ದಾಟಿ ಪುಸ್ತಕದಂಗಡಿಗೆ ಹೋಗಿತ್ತು. ದಬ್ಬಳ ತನ್ನ ಬಾಗಿಲಲ್ಲಿ ಸ್ಟೂಲು ಇಟ್ಟು, ಅದರ ಮೇಲೆ ದಬ್ಬಳವನ್ನು ನಿಲ್ಲಿಸಿ, ತುದಿಗೆ ಬಟಾಣಿ ಗಾತ್ರದ ನೀಲಿ ಮಣಿ ಸಿಕ್ಕಿಸಿದ. ಅದೇ ಭೂಮಿ. ಒಂದು ಗೇಣು ಆಚೆ, ಗುಂಡುಸೂಜಿಯ ತುದಿಯಲ್ಲಿ ಒಂದು ಸಾಸಿವೆ. ಅದು ಚಂದ್ರ.

ಮಕ್ಕಳು ಹಗ್ಗ ಹಿಡಿದು ಅಳೆಯುತ್ತ ಬಂದರು. "ಮನುಷ್ಯ ಇಲ್ಲೀವರೆಗೆ ಕಾಲಿಟ್ಟಿರೋದು ಆ ಸಾಸಿವೆ ತನಕ ಮಾತ್ರ," ಎಂದಳು ಟೀಚರು. "ಈಗ ಹಿಂದೆ ತಿರುಗಿ ಗೇಟ್ ನೋಡಿ. ಕೈ ಚಾಚಿ ಕಿರುಬೆರಳು ಹಿಡೀರಿ."

ದಬ್ಬಳನೂ ಹಿಡಿದ. ಅವನು ತಬ್ಬಿಕೊಂಡು ಹೊತ್ತು ತಂದಿದ್ದ ಸೂರ್ಯ ಕಿರುಬೆರಳ ಹಿಂದೆ ಮರೆಯಾಯಿತು.

"ಆಕಾಶದ ಸೂರ್ಯನೂ ನಮಗೆ ಕಾಣೋದು ಇಷ್ಟೇ ದೊಡ್ಡದಾಗಿ. ಅಳತೆ ಸರಿಯಿದೆ ಅನ್ನೋದಕ್ಕೆ ಅದೇ ಸಾಕ್ಷಿ."

"ಪಕ್ಕದ ನಕ್ಷತ್ರ ಎಲ್ಲಿಡೋದು ಮಿಸ್?" ಒಬ್ಬಳು ಕೇಳಿದಳು.

"ಇಡಕ್ಕಾಗಲ್ಲ. ಇಪ್ಪತ್ತೊಂದು ಸಾವಿರ ಕಿಲೋಮೀಟರ್ ಬೇಕು. ಭೂಮಿ ಮೇಲೆ ಎಷ್ಟು ದೂರ ಹೋದ್ರೂ ಅಷ್ಟು ದೂರದ ಊರೇ ಇಲ್ಲ."

ದಬ್ಬಳನಿಗೆ ಕಾಲಡಿಯ ನೆಲ ಒಂದು ಕ್ಷಣ ಇಲ್ಲದಂತಾಯಿತು. ಗೇಟಿನಿಂದ ಇಲ್ಲಿಯವರೆಗೆ ಎಷ್ಟೊಂದು ಖಾಲಿ! ಆ ಖಾಲಿಯಲ್ಲಿ ಒಂದು ಬಟಾಣಿ. ಬಟಾಣಿಯಲ್ಲಿ ಎಲ್ಲೋ ಒಂದು ಕೈಯಿರುವ ಕುರ್ಚಿ. ಆ ಕುರ್ಚಿ ನೆನಪಾದದ್ದೇ ತಡ, ನೆಲ ಮತ್ತೆ ಕಾಲಿಗೆ ಸಿಕ್ಕಿತು. ಅತ್ತೆ ಎಲ್ಲಿ?

ಅತ್ತೆ ಆಟೋದಿಂದ ಇಳಿದದ್ದು ರೂಢಿಯಂತೆ ದರ್ಜಿಯ ಅಂಗಡಿಯ ಮುಂದೆ. ದರ್ಜಿ ಅವರ ಕೈ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ಅಂಗಡಿಯ ಕುರ್ಚಿ ಎತ್ತಿಕೊಂಡು ನಿಧಾನವಾಗಿ ಕರೆತಂದ. ಅದರ ಮೇಲೆ ಕೂತ ಅತ್ತೆ ಕನ್ನಡಕ ಏರಿಸಿ ಮಣಿ ನೋಡಿದರು.

"ಭೂಮಿ ಅಂದ್ರೆ ಇಷ್ಟೇನಾ? ಇದಕ್ಕಾ ಚಿಕ್ಕ ಅಳಿಯಂದಿರು ಎರಡು ದಿನ ಊಟಕ್ಕೂ ಮನೆಗೆ ಹೋಗಲಿಲ್ಲವಂತೆ?"

ದಬ್ಬಳ ಬಾಯಿ ತೆರೆಯುವಷ್ಟರಲ್ಲಿ ದರ್ಜಿ ಹೇಳಿದ: "ಮಣಿ ಅಲ್ಲ ಅತ್ತೆ, ಅಲ್ಲಿ ಗೇಟ್ ನೋಡಿ. ಅದನ್ನ ಹೊಲಿದಿರೋದು ಇವನು. ಮೂವತ್ತು ವರ್ಷದಿಂದ ಮಿಷನ್ ತುಳೀತಿದ್ದೀನಿ, ಒಂದು ತೋಳನ್ನ ನೆಟ್ಟಗೆ ಕೂರಿಸೋಕೇ ಒದ್ದಾಡ್ತೀನಿ. ಇವನು ಸೂರ್ಯನ್ನೇ ಕೂರಿಸಿಬಿಟ್ಟ." ಆಮೇಲೆ ದಬ್ಬಳನ ಕಡೆ ತಿರುಗಿ, ಹವಾಮಾನ ಹೇಳುವಷ್ಟು ಸಲೀಸಾಗಿ, "ಬೆಳಿಗ್ಗೆ ಅದನ್ನ ನೋಡಿದಾಗಿಂದ ನನಗೆ ಹೊಟ್ಟೆಕಿಚ್ಚು ಕಣೋ," ಎಂದು ನಕ್ಕ.

ಹನ್ನೆರಡು ವರ್ಷ ಕಾದ ಮಾತು. "ನನಗೂ ಅಣ್ಣ," ಎಂದುಬಿಡಬೇಕೆನಿಸಿತು; ತುಟಿಯವರೆಗೆ ಬಂತು. ಆದರೆ ಬಂದದ್ದು ಬೇರೆ: "ಕೂತ್ಕೊಳ್ಳಿ ಅಣ್ಣ." ಸ್ಟೂಲಿನಿಂದ ಭೂಮಿಯನ್ನೂ ಚಂದ್ರನನ್ನೂ ಎತ್ತಿ ಕೈಯಲ್ಲಿ ಹಿಡಿದು, ಜಾಗ ಮಾಡಿಕೊಟ್ಟ.

ದರ್ಜಿ ಕೂತ. ಭೂಮಿಯನ್ನು ಹಿಡಿದು ನಿಂತ ದಬ್ಬಳನಿಗೆ ಒಂದು ಯೋಚನೆ ಬಂದು ಒಳಗೆ ಸಣ್ಣಗೆ ಉರಿಯತೊಡಗಿತು. ತಾನು ಹನ್ನೆರಡು ವರ್ಷದಲ್ಲಿ ಹೇಳಲಾರದ ಮಾತನ್ನು ಈ ಮನುಷ್ಯ ಒಂದೇ ಬೆಳಿಗ್ಗೆಯಲ್ಲಿ ಹೇಳಿಬಿಟ್ಟ. ನೋಡಿ, ಅದರಲ್ಲೂ ಅವನೇ ಮೊದಲು.