ಬೆಳಕಿನ ಸವತಿ

ಇದನ್ನು ಕಟ್ಟುಕತೆ ಅಂದವರಿಗೆ ನಮ್ಮ ಮನೆಯಲ್ಲಿ ಚಹಾ ಇಲ್ಲ. ಮೊದಲೇ ಹೇಳಿಬಿಡುತ್ತೇನೆ. ದೆವ್ವ ಭೂತ ಅಂದರೆ ಹೆದರಿ ಮುಸುಕೆಳೆದುಕೊಳ್ಳುವ ಹೆಂಗಸಲ್ಲ ನಾನು. ಚೇಳು ಕಂಡರೆ ಚಪ್ಪಲಿಯಲ್ಲಿ ಹೊಡೆದವಳು, ಕತ್ತಲಲ್ಲಿ ಒಬ್ಬಳೇ ಹಿತ್ತಲಿಗೆ ಹೋಗಿ ಬಂದವಳು. ಆದರೂ ಆದೋನಿಯ ಆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ.

ಅವಳ ಹೆಸರು ಹೇಳುವುದಿಲ್ಲ. ಕೇಳಬೇಡಿ. ತೆಲುಗು ಟಾಕಿಯ ದೊಡ್ಡ ನಟಿ, ಆ ಕಾಲಕ್ಕೆ ಕ್ಯಾಲೆಂಡರಿನಲ್ಲೂ ಅವಳೇ, ಕ್ಷೌರದಂಗಡಿಯ ಗೋಡೆಯ ಮೇಲೂ ಅವಳೇ. ಅಷ್ಟು ಸಾಕು. ನನ್ನ ಬಾಯಿಂದ ಆ ಹೆಸರು ಬಂದರೆ ನಾಲಿಗೆ ತೊಳೆದುಕೊಳ್ಳಬೇಕಾಗುತ್ತದೆ.

ನನ್ನ ತವರು ಮಾಧವರಂ ಎದುರಿನ ದಂಡೆಯ ಹಳ್ಳಿ, ತುಂಗಭದ್ರೆಯ ಆಚೆ. ಮದುವೆಯಾಗಿ ಹರಿಗೋಲಿನಲ್ಲಿ ಹೊಳೆ ದಾಟಿ ಆದೋನಿಗೆ ಬಂದಾಗ ನನಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಬಂದ ಮರುದಿನವೇ ಪಕ್ಕದ ಮನೆಯ ಸುಬ್ಬಮ್ಮ ತನ್ನ ಬಾಗಿಲಲ್ಲಿ ನಿಂತು, ಮುಖದ ತುಂಬ ನಗುತ್ತಾ, "ರಂಡಿ! ರಂಡಿ!" ಎಂದು ನನ್ನನ್ನು ಕೂಗಿದಳು.

ಅರಿಸಿನದ ಮೈ ಇನ್ನೂ ಆರಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು!

"ಯಾರಿಗೆ ರಂಡಿ ಅಂತೀಯೇ? ನನ್ನ ಗಂಡ ಒಳಗ ಗುಂಡಕಲ್ಲಿನಂಗ ಕುಂತಾರ! ನಿನ್ನ ಬಾಯಾಗ ಮಣ್ಣ ಬೀಳಲಿ!"

ಪಾಪ, ಅವಳು ಕುಂಕುಮಕ್ಕೆ ಕರೆದದ್ದು. ತೆಲುಗಿನಲ್ಲಿ 'ರಂಡಿ' ಅಂದರೆ 'ಬನ್ನಿ', ಮರ್ಯಾದೆಯ ಮಾತು. ನಮ್ಮ ಕನ್ನಡದಲ್ಲಿ ಗಂಡ ಸತ್ತವಳನ್ನು ಹಳಿಯುವ ಬೈಗುಳ. ಒಳಗೆ ಊಟಕ್ಕೆ ಕುಳಿತಿದ್ದ ನಮ್ಮ ಯಜಮಾನರು ನಕ್ಕು ನಕ್ಕು ತುತ್ತು ನೆತ್ತಿಗೇರಿಸಿಕೊಂಡರು. ಓಣಿಗೆಲ್ಲ ನಾನು ನಗೆಪಾಟಲಾದೆ. ಆಮೇಲೆ ಸುಬ್ಬಮ್ಮನೇ ನನಗೆ ತೆಲುಗು ಕಲಿಸಿದಳು, ನಾವಿಬ್ಬರೂ ಅಕ್ಕತಂಗಿಯರಂತೆ ಆದೆವು, ಅದು ಬೇರೆ ಮಾತು.

ಯಜಮಾನರದು ಹತ್ತಿ ಗಿರಣಿಯಲ್ಲಿ ತೂಕದ ಕೆಲಸ. ಹಣೆಯ ಮೇಲೆ ವಿಭೂತಿ, ಮೀಸೆಯ ಮೇಲೆ ಹತ್ತಿಯ ಎಳೆ. ಬೀಡಿ ಇಲ್ಲ, ಎಲೆ ಇಲ್ಲ, ಇಸ್ಪೀಟು ಇಲ್ಲ. ಒಂದೇ ಹುಚ್ಚು... ಟೂರಿಂಗ್ ಟಾಕೀಸು. ರೈಲ್ವೆ ಸ್ಟೇಷನ್ನಿನ ಆಚೆಯ ಬಯಲಲ್ಲಿ ಟೆಂಟು ಬಿದ್ದಿತೆಂದರೆ ಮನುಷ್ಯ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಅದರಲ್ಲೂ ಅವರಿಗೊಂದು ವಿಚಿತ್ರ ಚಟ. ಯಾವ ನಟ ಸತ್ತರೂ ಅವನು ಕೊನೆಗೆ ಕಟ್ಟಿದ ಪಾತ್ರ ಯಾವುದು ಎಂದು ಹುಡುಕಿಕೊಂಡು ಹೋಗಿ ನೋಡುವುದು. ರೊಟ್ಟಿ ಬಡಿಯುವವಳ ಎದುರು ಕುಳಿತು ವರದಿ ಒಪ್ಪಿಸುವುದು.

"ಆ ಮುದುಕ ಐದಾನಲ್ಲ, ಕಡೀ ಚಿತ್ರದಾಗ ಸಾಯೋ ರಾಜನ ಪಾರ್ಟು ಮಾಡ್ಯಾನ. ಕಣ್ಣ ಮುಚ್ಚೋದು ನೋಡಬೇಕ ನೀನು! ಮುಂದ ತಿಂಗಳೊಪ್ಪತ್ತಿನಾಗ ಖರೇನ ಸತ್ತ. ತಾಲೀಮು ಮಾಡ್ಕೊಂಡಂಗ ಸತ್ತಾನ."

"ನಿಮಗ ಬದುಕಿದ್ದೋರು ಕಾಣಂಗೇ ಇಲ್ಲೇನ್ರೀ?" ಅನ್ನುತ್ತಿದ್ದೆ ನಾನು.

ಯುದ್ಧದ ಕಾಲ. ಸೀಮೆಎಣ್ಣೆಗೂ ಪರದಾಟ. ಅಂಥದರಲ್ಲಿ ಅವಳು ಸತ್ತ ಸುದ್ದಿ ಬಂತು. ಎದೆಯ ಬೇನೆಯಂತೆ, ಕೆಮ್ಮಿ ಕೆಮ್ಮಿ ಹೋದಳಂತೆ. ಆ ರಾತ್ರಿ ಯಜಮಾನರು ಉಣ್ಣಲಿಲ್ಲ. ನನ್ನ ಒಡಹುಟ್ಟಿದ ತಮ್ಮ ತೀರಿಕೊಂಡ ದಿನ ಎರಡು ತುತ್ತಾದರೂ ಉಂಡಿದ್ದ ಮನುಷ್ಯ! ಗಂಗಾಳ ಸರಿಸಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮಣ್ಣಿನ ಸವತಿಯನ್ನೂ ಸಹಿಸಲಾಗದು ಅಂತಾರೆ. ನನ್ನ ಸವತಿ ಮಣ್ಣಿನವಳೂ ಅಲ್ಲ, ಬೆಳಕಿನವಳು. ಜುಟ್ಟು ಹಿಡಿಯೋಣವೆಂದರೆ ಕೈಗೇ ಸಿಗುವವಳಲ್ಲ.

ಮಳೆಗಾಲ ಕಳೆದು ಟೆಂಟು ಬಿತ್ತು. ಎತ್ತಿನ ಬಂಡಿಗೆ ಅವಳ ಚಿತ್ರ ಕಟ್ಟಿ, ತಮಟೆ ಬಡಿದುಕೊಂಡು ಊರೆಲ್ಲ ಸಾರಿದರು. ಮಹಾನಟಿಯ ಕೊನೆಯ ಪಾತ್ರವಂತೆ, ಇನ್ನು ಮೇಲೆ ನೋಡೆಂದರೂ ಸಿಗದಂತೆ. ಮೊದಲ ದಿನವೇ ಯಜಮಾನರು ಹೊರಟರು. ನಾನೂ ಸೆರಗು ಕಟ್ಟಿದೆ.

"ನೀ ಯಾಕ?"

"ಯಾಕ, ನನಗ ಕಣ್ಣಿಲ್ಲೇನು? ನಾನೂ ನೋಡಬೇಕು ಆಕಿನ್ನ."

ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಸಣ್ಣದೊಂದು ತಡಿಕೆ. ಯಂತ್ರದ ಸುಟ್ಟ ವಾಸನೆ, ಹುರಿದ ಶೇಂಗಾದ ವಾಸನೆ. ಸುಳ್ಳು ಯಾಕೆ ಹೇಳಲಿ, ಅವಳು ಚೆಂದ ಇದ್ದಳು. ಅದೇ ನನಗೆ ಉರಿ ಎಬ್ಬಿಸಿದ್ದು. ಸಣಕಲಾಗಿದ್ದಳು, ಕಣ್ಣು ಒಳಗೆ ಹೋಗಿದ್ದವು, ಆದರೂ ಚೆಂದ.

ಕತೆಯ ಕೊನೆಗೆ ಅವಳು ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಕೈಯಲ್ಲಿ ದೀಪ. ಹೊಸ್ತಿಲ ಮೇಲೆ ನಿಂತು ಹಿಂತಿರುಗಿ ನೋಡುತ್ತಾಳೆ. ಗಂಡನ ಪಾತ್ರದವನು ಕಾಣುವುದೇ ಇಲ್ಲ, ಬರೀ ಅವಳ ಮುಖ. ನೇರ ಗಂಡಸರ ಕಡೆಗೇ ನೋಡುತ್ತಾ ಮೆಲ್ಲಗೆ ಹೇಳುತ್ತಾಳೆ...

"ವೆಳ್ಳೊಸ್ತಾನಂಡಿ."

ಹೋಗಿಬರುತ್ತೇನೆ ಅಂತ. ನಮ್ಮಲ್ಲಿ ಹೊರಡುವವರು 'ಹೋಗ್ತೀನಿ' ಅನ್ನಬಾರದು, ಕೆಟ್ಟ ಶಕುನ. 'ಬರ್ತೀನಿ' ಅನ್ನಬೇಕು. ಕೇಳಿದವರು 'ಹೂಂ, ಬಾ' ಅನ್ನಬೇಕು. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ರೂಢಿ. ಅವಳು ಹಾಗೆಂದು, ಬಂದ ಕೆಮ್ಮನ್ನು ಸೆರಗಿನಲ್ಲಿ ಒತ್ತಿಹಿಡಿದು, ಉತ್ತರಕ್ಕೆ ಕಾದವಳಂತೆ ನಿಂತಳು. ಇಡೀ ಟೆಂಟಿನಲ್ಲಿ ಉಸಿರಿಲ್ಲ. ಆ ಮೌನದಲ್ಲಿ ತಡಿಕೆಯ ಆಚೆಯಿಂದ ನನ್ನ ಗಂಡನ ದನಿ...

"ಹೂಂ... ಬಾ."

ಟೆಂಟು ಗೊಳ್ಳೆಂದು ನಕ್ಕಿತು. ಯಾರೋ ಸಿಳ್ಳೆ ಹೊಡೆದರು. ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಆದರೆ ಒಂದು ಮಾತು ಕೇಳಿ. ಅವರು 'ಬಾ' ಅಂದ ಮೇಲೆಯೇ ಅವಳು ಹೊಸ್ತಿಲು ದಾಟಿದ್ದು. ನಾನು ಕಣ್ಣಾರೆ ಕಂಡೆ.

ಮನೆಗೆ ನಡೆದು ಬರುವಾಗ ಗಿರಣಿಯ ಗೋಡೆಯ ಪಕ್ಕ ಕಾರ್ಗತ್ತಲು. ನಾನು ಬೈಯುತ್ತಲೇ ಇದ್ದೆ.

"ಸತ್ತಾಕಿಗೆ ಬಾ ಅಂತೀರಲ್ಲ, ಬುದ್ಧಿ ಐತೇನ್ರೀ ನಿಮಗ?"

"ಬಾಯಿಗೆ ಬಂತು, ಅಂದೆ. ಸಾಯೋ ಪಾರ್ಟು ಮಾಡಿ ಸತ್ತೋರು ಭಾಳ ಮಂದಿ. ಬರ್ತೀನಿ ಅಂತ ಹೇಳಿ ಸತ್ತಾಕಿ ಇಕಿ ಒಬ್ಬಾಕೀನ."

ನಮ್ಮ ಹಿಂದೆ ಗಂಜಿ ಹಾಕಿದ ಸೀರೆ ಸರಸರ ಅಂತಿತ್ತು. ಯಾರೋ ಟೆಂಟಿನವರೇ ಬರುತ್ತಿದ್ದಾರೆ ಎಂದುಕೊಂಡೆ. ನಾವು ನಿಂತರೆ ಅದೂ ನಿಂತಿತು...

ಮನೆ ಬಂತು. ನಾನು ಒಳಗೆ ಹೋದೆ, ಅವರೂ ಬಂದರು. ಬಂದವರು ತಕ್ಷಣ ಕದ ಹಾಕಲಿಲ್ಲ. ಹಿಂದೆ ಇನ್ನೊಬ್ಬರು ಬರುವವರಿದ್ದರೆ ಹಿಡಿಯುತ್ತೇವಲ್ಲ, ಹಾಗೆ ಕದ ಹಿಡಿದು ಸ್ವಲ್ಪ ಸರಿದು ನಿಂತು, ಆಮೇಲೆ ಅಗುಳಿ ಹಾಕಿದರು.

ಪಡಸಾಲೆಯಲ್ಲಿ ಮಲಗಿದ್ದ ಅತ್ತೆ ತಲೆ ಎತ್ತಿದಳು. ಅವಳಿಗೆ ಕಣ್ಣು ಪೂರಾ ಹೋಗಿದ್ದವು, ಕಿವಿ ಮಾತ್ರ ಇಲಿಯ ಕಿವಿ.

"ಯವ್ವಾ, ಯಾರನ್ನ ಕರಕೊಂಡು ಬಂದ್ರಿ?"

"ಯಾರೂ ಇಲ್ಲ ಅತ್ತಿ. ನಾವಿಬ್ಬರೇ."

"ಸುಳ್ಳ್ಯಾಕ ಹೇಳ್ತಿ? ಇನ್ನೊಂದು ಹೆಣ್ಣುಮಗಳು ಹೊಸ್ತಿಲ ದಾಟ್ಯಾಳ. ಕಾಲಿಗೆ ನೀರರೆ ಕೊಡು."

ದೀಪ ಎತ್ತಿ ಪಡಸಾಲೆಯ ಮೂಲೆ ಮೂಲೆ ನೋಡಿದೆ. ಯಜಮಾನರು ಕೋಣೆಗೆ ಹೋಗಿ ಮಲಗಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಮೂಗಿಗೆ ಬಡಿಯಿತು... ಮುಖಕ್ಕೆ ಹಚ್ಚುವ ಪೌಡರಿನ ವಾಸನೆ, ಅದರ ಜೊತೆಗೆ ಯಂತ್ರದ ಸುಟ್ಟ ವಾಸನೆ. ಆಮೇಲೆ ಕೆಮ್ಮು. ಸೆರಗಿನಲ್ಲಿ ಒತ್ತಿಹಿಡಿದ ಸಣ್ಣ ಕೆಮ್ಮು, ನಮ್ಮ ಕೋಣೆಯ ಕದದ ಹಿಂದೆ. ಹೊರಳಿ ನೋಡಿದರೆ ಯಜಮಾನರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಾರೆ. ಕತೆ ಕೇಳುವವರಂತೆ ನಡುನಡುವೆ "ಹೂಂ... ಹೂಂ..." ಅನ್ನುತ್ತಿದ್ದಾರೆ.

ಭುಜ ಹಿಡಿದು ಅಲುಗಾಡಿಸಿದೆ. "ಯಾರ ಕೂಡ ಮಾತಾಡಾಕತ್ತೀರಿ?"

"ನಿನ್ನ ಕೂಡಾನ," ಅಂದರು, ನಿದ್ದೆಗಣ್ಣಿನಲ್ಲಿ. "ಆಗಿಂದ ನೀನ ಹೇಳಾಕತ್ತೀಯಲ್ಲ..."

ನಾನು ಬಾಯಿ ಬಿಟ್ಟಿರಲಿಲ್ಲ.

ಅಲ್ಲಿಂದ ಶುರುವಾಯಿತು. ದಿನಾ ಟೆಂಟು, ದಿನಾ ಅದೇ ಚಿತ್ರ, ದಿನಾ ರಾತ್ರಿ ಅದೇ ಕೆಮ್ಮು. ಯಜಮಾನರು ಕರಗುತ್ತಾ ಬಂದರು. ಎದುರು ಕುಳಿತರೂ ನನ್ನ ಹಿಂದೆ ಏನನ್ನೋ ನೋಡುವರು. ಗಿರಣಿಯಲ್ಲಿ ತೂಕ ತಪ್ಪಿ ಬೈಸಿಕೊಂಡು ಬಂದರು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು. ಬದುಕಿದ್ದಾಗ ಊರ ಗಂಡಸರ ಕಣ್ಣೆಲ್ಲ ತುಂಬಿಕೊಂಡವಳು, ಸತ್ತ ಮೇಲೆ ನನ್ನ ಒಬ್ಬ ತೂಕದವನೇ ಬೇಕಾಯಿತೇ ಇವಳಿಗೆ?

ಅತ್ತೆ ಒಂದು ಸಂಜೆ ನನ್ನ ಕೈ ಹಿಡಿದಳು.

"ನಿನ್ನ ಗಂಡ ಉಳೀಬೇಕಂದ್ರ ಆಕಿನ್ನ ಕಳಸವ್ವ. ಕರದ್ರ ಬಂದಾಳ, ಹೋಗಂದ್ರ ಹೋಗ್ತಾಳ."

"ನಿಮ್ಮ ಮಗಾ ಅನವಲ್ಲರಲ್ಲ!"

"ಅವ ಅನಂಗಿಲ್ಲ. ಮನಿ ಹೆಣ್ಣುಮಗಳು ನೀನು. ನೀ ಅನ್ನು."

ಮನೆ ಹೆಣ್ಣುಮಗಳು ನಾನು. ಆ ಮಾತು ನನಗೆ ಹತ್ತು ಆಳಿನ ಬಲ ಕೊಟ್ಟಿತು. ಮರುದಿನ ಟೆಂಟಿನ ಕಡೆಯ ಆಟ. ಸುಬ್ಬಮ್ಮನನ್ನು ಎಳೆದುಕೊಂಡು ಹೋಗಿ ಹೆಂಗಸರ ಮುಂದಿನ ಸಾಲಿನಲ್ಲೇ ಕುಳಿತೆ. ತೆರೆಯ ಮೇಲಿನವಳಿಗೆ ಕನ್ನಡ ತಿಳಿಯಲಿಕ್ಕಿಲ್ಲ ಎಂದು ಬೇಕಾದ ಮಾತನ್ನು ತೆಲುಗಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಗಂಡ ಅಂದ 'ಬಾ' ಮಾತ್ರ ಅವಳಿಗೆ ಹೇಗೆ ತಿಳಿಯಿತೋ!

ಹೊಸ್ತಿಲು ಬಂತು. ದೀಪ ಬಂತು. ಅವಳು ತಿರುಗಿದಳು...

ಗಂಡಸರ ಕಡೆಗಲ್ಲ.

ಮೆಲ್ಲಗೆ, ಕತ್ತು ಮಾತ್ರ ಹೊರಳಿಸಿ, ಹೆಂಗಸರ ಕಡೆಗೆ ನೋಡಿದಳು. ಸಾಲಿನಲ್ಲಿ ಹುಡುಕಿದಳು. ಕಣ್ಣು ನನ್ನ ಮುಖಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗಿಳಿದು ನನ್ನ ಕೊರಳಿನ ತಾಳಿಯ ಮೇಲೆ ಕೂತಿತು. ತುಟಿ ಅಲುಗಲಿಲ್ಲ. 'ವೆಳ್ಳೊಸ್ತಾನಂಡಿ' ಎನ್ನಲೇ ಇಲ್ಲ.

ನಾನು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತೆ.

"ರಾವೊದ್ದು! ಪೋ!" ಎಂದು ಕಿರುಚಿದೆ. ಬರಬೇಡ, ಹೋಗು!

ಅವಳು ನಕ್ಕಳು. ಕೆಮ್ಮು ಕೇಳಿಸಿತು. ಆದರೆ ತೆರೆಯಿಂದಲ್ಲ, ನನ್ನ ಕುತ್ತಿಗೆಯ ಹಿಂದೆ, ಬಿಸಿ ಉಸಿರಿನ ಸಮೇತ...

ಆಟ ಮುಗಿದು ಟೆಂಟಿನ ದೀಪ ಹತ್ತಿದಾಗ ಸುಬ್ಬಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದ್ದಳು.

"ಏಮೈಂದೇ ನೀಕು? ಏನಾತು ನಿನಗ, ಯಾಕ ಅರಚಿದಿ?"

"ಆಕಿ ನನ್ನ ಕಡೆ ನೋಡಿದ್ಲಲ್ಲ! ಮಾತು ಆಡಲಿಲ್ಲಲ್ಲ!"

"ಲೇದೇ, ಇಲ್ಲ! ದಿನಾ ಹೇಳಿದಂಗ ವೆಳ್ಳೊಸ್ತಾನಂಡಿ ಅಂದ್ಲು, ಹೋದ್ಲು. ಅಂದರೂ ವಿನ್ನಾರು, ಎಲ್ಲಾರೂ ಕೇಳ್ಯಾರ."

ಅವತ್ತು ಮನೆಗೆ ಬಂದಾಗ ಯಜಮಾನರು ನನ್ನ ಹಿಂದೆಯೇ ಕದ ಮುಚ್ಚಿ ಅಗುಳಿ ಹಾಕಿದರು. ಯಾರಿಗೂ ಸರಿದು ನಿಲ್ಲಲಿಲ್ಲ. "ರೊಟ್ಟಿ ಐತೇನು? ಹಸಿವು ಭಾಳ ಆಗೈತಿ," ಅಂದರು. ಅತ್ತೆ ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಮಲಗಿದಳು. ಟೆಂಟು ಕಿತ್ತು ಕೋಸಗಿಯ ಕಡೆ ಹೋಯಿತು. ವಾಸನೆ ಹೋಯಿತು, ಕೆಮ್ಮು ಹೋಯಿತು. ಯಜಮಾನರ ಮೈ ತುಂಬಿತು. ನಾನು ಗೆದ್ದೆ ಅಂದುಕೊಂಡೆ. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಮಕ್ಕಳಾದವು, ಅತ್ತೆ ಮಣ್ಣಾದಳು, ನಮ್ಮ ತಲೆಯೂ ನೆರೆಯಿತು. ಜಗಳವಾಡಿದೆವು, ಉಂಡೆವು, ನಕ್ಕೆವು. ಅವರು ಪೂರಾ ನನ್ನವರಾಗಿದ್ದರು.

ಅವರ ಕಡೆಯ ದಿನ ಬಂದದ್ದು ಒಂದು ಬೇಸಿಗೆಯಲ್ಲಿ. ಅದೇ ಮನೆ, ಅದೇ ಕೋಣೆ. ಮಕ್ಕಳು ವೈದ್ಯರನ್ನು ಕರೆಯಲು ಓಡಿದ್ದರು. ನಾನೊಬ್ಬಳೇ ಮಂಚದ ಪಕ್ಕ, ಕದಕ್ಕೆ ಬೆನ್ನು ಮಾಡಿ ಕುಳಿತಿದ್ದೆ. ಅವರು ಕಣ್ಣು ತೆರೆದರು. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಬರ್ತೀನಿ," ಅಂದರು.

ನನಗೇ ಹೇಳಿದ್ದು. ನನ್ನ ಕೈಯನ್ನೇ ಹಿಡಿದಿದ್ದರು. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ಉತ್ತರ ಅದು, ಬಾಯಿಗೆ ಬಂದಿತ್ತು. ಆದರೆ ಹೊರಟ ಜೀವಕ್ಕೆ ಏನಂತ 'ಬನ್ನಿ' ಅನ್ನಲಿ? ಒಂದೇ ಒಂದು ಗಳಿಗೆ ತಡವಾಯಿತು.

ಆಗ ಪೌಡರಿನ ವಾಸನೆ ಬಂತು.

ನನ್ನ ಬೆನ್ನ ಹಿಂದೆ, ಕದದ ಹತ್ತಿರ, ಸೆರಗಿನಲ್ಲಿ ಒತ್ತಿಹಿಡಿದ ಸಣ್ಣ ಕೆಮ್ಮು. ಆಮೇಲೆ ಮೆಲ್ಲನೆಯ, ಬಲು ಮರ್ಯಾದೆಯ ದನಿ...

"ರಂಡಿ."

ಯಜಮಾನರು ನನ್ನ ಭುಜದ ಮೇಲಿಂದ ಆಚೆ ನೋಡಿ, "ಹೂಂ," ಅಂದರು. ನಕ್ಕರು. ಕೈ ಸಡಿಲಾಯಿತು.

ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮುಚ್ಚಿದ್ದ ಕದ ಮಾತ್ರ, ಇಬ್ಬರು ದಾಟುವಷ್ಟು ತೆರೆದಿತ್ತು.

ಆ ಮಾತು ಅವರಿಗೆ ಹೇಳಿದ್ದೋ, ನನಗೆ ಹೇಳಿದ್ದೋ? ತೆಲುಗಿನಲ್ಲಿ ಅಂದಳೋ, ಕನ್ನಡದಲ್ಲಿ ಅಂದಳೋ? ಇಷ್ಟು ವರ್ಷ ಬಾಳಿದವಳು ನಾನು, ಕಡೆಯ ಮಾತಿಗೆ ಉತ್ತರ ಕೊಟ್ಟವಳು ಅವಳು. ಈಗ ನನಗೂ ವಯಸ್ಸಾಯಿತು. ಹೊರಡುವ ದಿನ ನಾನೂ 'ಬರ್ತೀನಿ' ಅನ್ನಬೇಕಲ್ಲ... ಆಚೆಯಿಂದ 'ಬಾ' ಅನ್ನುವುದು ನನ್ನ ಗಂಡನ ದನಿಯೋ, ಆ ಕೆಮ್ಮೋ, ಅದೇ ಗೊತ್ತಾಗುತ್ತಿಲ್ಲ.