ಸೀಲ್‌ಡೌನ್ ಓಣಿಗೆ ಒಯ್ದ ಕುಬಸ

ಯಾದಗಿರಿ ನಿಲ್ದಾಣದಿಂದ ಬೆಳಗಿನ ಬಸ್ಸು ಹೊರಟಾಗ ನನ್ನ ತೊಡೆಯ ಮೇಲೆ ರೊಟ್ಟಿಯ ಬುಟ್ಟಿ, ಕಾಲ ಬಳಿ ಶೇಂಗಾ ಹೋಳಿಗೆಯ ಸ್ಟೀಲ್ ಡಬ್ಬಿ, ಕೈಚೀಲದಲ್ಲಿ ಹಸಿರು ಸೀರೆ, ರವಿಕೆ ಬಟ್ಟೆ, ಉಡಿಯ ಸಾಮಾನು. ಲಾಕ್‌ಡೌನ್ ಸಡಿಲಿಸಿ ಬಸ್ಸು ಬಿಟ್ಟ ಮೊದಲ ವಾರಗಳು ಅವು. ಸೀಟಿಗೆ ಒಬ್ಬರೇ. ಶಹಾಪುರಕ್ಕೆ ನಲವತ್ತು ರೂಪಾಯಿ ಟಿಕೆಟ್ ಕೊಟ್ಟ ಕಂಡಕ್ಟರ್ ಮುಂದಿನ ಅಜ್ಜಿಗೆ, "ಮಾಸ್ಕ್ ಮ್ಯಾಲ ಮಾಡವ್ವ, ಮೂಗು ಕಾಣಸ್ತದ" ಅಂದ.

"ಮೂಗು ಮುಚ್ಚಿದ್ರ ಈ ಮೂಗುತಿ ಯಾರಿಗಿ ತೋರಸ್ಲೋ ಮಾರಾಯ?" ಅಂದಳು ಅಜ್ಜಿ. ಆದರೂ ಮುಚ್ಚಿಕೊಂಡಳು.

ನಾನು ಹೊರಟಿದ್ದು ಸುರಪುರಕ್ಕೆ, ತಂಗಿ ಕವಿತಾಳ ಕುಬಸಕ್ಕೆ. ಬಸುರಿಗೆ ತವರಿನವರು ಹೊಸ ರವಿಕೆ ಬಟ್ಟೆ ಕೊಟ್ಟು ಉಡಿ ತುಂಬುವ ಶಾಸ್ತ್ರ ಅದು. ಏಳನೇ ತಿಂಗಳು ಮುಗಿಯುತ್ತ ಬಂದಿತ್ತು. ಎಂಟರಲ್ಲಿ ನಮ್ಮಲ್ಲಿ ಮಾಡುವುದಿಲ್ಲ. ಅವ್ವ ತೀರಿಕೊಂಡ ಮೇಲೆ ಕವಿತಾಳಿಗೆ ತವರು ಅಂದರೆ ನಾನೇ.

ಭೀಮಾ ಸೇತುವೆ ದಾಟಿದೆವು. ನೀರು ಕಡಿಮೆ, ಬಂಡೆಗಳ ಮೇಲೆ ಬಟ್ಟೆ ಒಣಗುತ್ತಿದ್ದವು. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ ಎಂದಿನ ಹಾಗೆ ನಿದ್ದೆಯಲ್ಲಿತ್ತು. ಅಲ್ಲಿ ಬಸ್ಸು ಬದಲಿಸುವಾಗ ಕವಿತಾಳ ಫೋನ್ ಬಂತು. "ಅಕ್ಕಾ, ನಮ್ಮ ಓಣ್ಯಾಗ ಒಬ್ಬರಿಗಿ ಪಾಸಿಟಿವ್ ಬಂದದ. ಬೆಳಿಗ್ಗಿ ಸೀಲ್‌ಡೌನ್ ಮಾಡ್ಯಾರ. ಹೊಳ್ಳಿ ಹೋಗ್ಬಿಡು." ಆಮೇಲೆ ದನಿ ಸಣ್ಣಗಾಯಿತು. "ರೊಟ್ಟಿ ಸಜ್ಜೀವೇನು?"

ಬಸುರಿ ಬಾಯಿಬಿಟ್ಟು ಸಜ್ಜೆ ರೊಟ್ಟಿ ಕೇಳಿದ ಮೇಲೆ ಹಿಂತಿರುಗುವುದು ನನ್ನಿಂದಾಗಲಿಲ್ಲ.

ಸುರಪುರದ ಓಣಿಯ ಬಾಯಿಗೆ ಅಡ್ಡ ಬಿದಿರು ಕಟ್ಟಿದ್ದರು. ಆದೇಶದ ಹಾಳೆ ಅಂಟಿಸಿದ್ದರು. ಮಹಿಳಾ ಪೊಲೀಸ್ ಒಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನ ಕೈಚೀಲದೊಳಗೆ ಇಣುಕಿ ಅಂದಳು: "ಆದೇಶದಾಗ ಊಟ, ಹಾಲು, ಔಷಧ ಅಷ್ಟೇ ಅದರಿ. ಮಂದಿ ಒಳಗ ಹೋಗಂಗಿಲ್ಲ, ಸೀರಿನೂ ಹೋಗಂಗಿಲ್ಲ."

"ಅಕ್ಕಾ, ನೀ ಬಿದಿರು ದಾಟಬ್ಯಾಡ!" ನಾಲ್ಕನೇ ಮನೆಯ ಕಟ್ಟೆಯಿಂದ ಕವಿತಾ ಕೂಗಿದಳು. ಹೊಟ್ಟೆ ಮುಂದೆ, ಕೈ ಸೊಂಟದ ಮೇಲೆ, ಥೇಟ್ ಅವ್ವ ನಿಲ್ಲುತ್ತಿದ್ದ ಹಾಗೆ.

ಉಡಿಗೆ ತಂದದ್ದೆಲ್ಲ ತಿನ್ನುವುದೇ: ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನ ಬೇರು. ಉಳಿದದ್ದು ಸೀರೆ, ಕುಬಸದ ಬಟ್ಟೆ. ನಾನು ಬಿದಿರಿನ ಈಚೆಯ ಕಟ್ಟೆಯೊಂದರ ಮೇಲೆ ಕೂತು ರೊಟ್ಟಿ ಕಟ್ಟಿದ್ದ ಹಳೆ ಪಂಜಿ ಬಟ್ಟೆ ಬಿಚ್ಚಿದೆ. ಹಸಿರು ಕುಬಸವನ್ನು ಹಾಸಿ ರೊಟ್ಟಿ ಇಟ್ಟು ಸುತ್ತಿದೆ. ಮೇಲೆ ಸೀರೆ ಸುತ್ತಿದೆ.

ಪೊಲೀಸ್ ನೋಡುತ್ತಲೇ ಇದ್ದಳು. "ಏನ್ರಿ ಇದು?"

"ರೊಟ್ಟಿ ಬಟ್ಟ್ಯಾಗ ಕಟ್ಟಲಾರ್ದ ಹ್ಯಾಂಗ ಕೊಡ್ಲಿ ಯವ್ವಾ?"

"ಹೌದ್ರಿ, ಕಟ್ಟಲಿಲ್ಲಂದ್ರ ಒಡದು ಚೂರಾಗ್ತಾವ" ಅಂದಳು. ಮಾಸ್ಕಿನ ಮೇಲೆ ಕಣ್ಣು ನಕ್ಕವು. ಗಂಟಿಗೆ ಸ್ಯಾನಿಟೈಸರ್ ಸಿಂಪಡಿಸಿ, ಬುಟ್ಟಿ, ಡಬ್ಬಿ ಎಲ್ಲವನ್ನೂ ಬಿದಿರಿನ ಕೆಳಗಿನಿಂದ ತಳ್ಳಿದಳು. ಸೀರೆಗೆ ಕಲೆಯಾದೀತೆಂದು ನನ್ನ ಜೀವ ಹಿಡಿಯಷ್ಟಾಯಿತು.

ಕವಿತಾಳ ಅತ್ತೆ ಎಲ್ಲ ಒಯ್ದರು. ಸೀರೆ ಹೆಗಲಿಗೆ ಹಾಕಿ, ಕುಬಸ ಕೈಗೆ ಕೊಟ್ಟು, ಕಟ್ಟೆಯ ಮೇಲೆಯೇ ಉಡಿ ತುಂಬಿದರು. ಸೋಬಾನೆ ಪದ ಹಾಡಬೇಕಾದವಳು ನಾನು. ನಾನು ಕಲಿತ ಕಾನ್ವೆಂಟ್ ಶಾಲೆಯ ಪ್ರಾರ್ಥನೆಗಳೆಲ್ಲ ಇಂದಿಗೂ ಬಾಯಿಪಾಠ, ಸೋಬಾನೆ ಮಾತ್ರ ಎರಡು ಸಾಲಿಗೇ ನಿಂತಿತು. ಹಿಂದಿನಿಂದ ಪೊಲೀಸಿನವಳು, ಕುರ್ಚಿಯಿಂದ ಏಳದೆ, ಮಾಸ್ಕಿನೊಳಗಿಂದಲೇ ಮೂರನೆಯ ಸಾಲನ್ನು ಎತ್ತಿಕೊಂಡಳು. ಕೊನೆತನಕ ಹಾಡಿದಳು.

"ಡಬ್ಬಿ ಖಾಲಿ ಹೊಳ್ಳಿ ಕೊಡಬಾರದಕ್ಕ" ಅಂದಳು ಕವಿತಾ.

"ತುಂಬಿದ್ರೂ ಬರಂಗಿಲ್ರಿ. ಒಳಗ ಹೋದದ್ದು ಹೊರಗಿಲ್ಲ" ಅಂದಳು ಪೊಲೀಸ್.

"ಹಂಗಾರ ಕೂಸಿನ್ನ ತೊಟ್ಟಿಲಿಗಿ ಹಾಕಾಕ ಬಂದಾಗ ತುಂಬಿ ಕೊಡತೇನಿ. ಬರಬೇಕ ಮತ್ತ!" ಅಂದಳು ಕವಿತಾ ನನಗೆ.

ಸಂಜೆಯ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದೆ. ಕವಿತಾ ಹೊಸ ಕುಬಸವನ್ನೇ ತೊಡೆಯ ಮೇಲೆ ಹರಡಿಕೊಂಡು ಸಜ್ಜೆ ರೊಟ್ಟಿ ಮುರಿಯುತ್ತಿದ್ದಳು. ಹಿಂಡಿ ಚಟ್ನಿಯ ಎಣ್ಣೆ ತಾಗೀತು ಹುಡುಗಿ, ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ತಿನ್ನಲಿ.