ಹದಿನಾರನೆಯ ಗುಂಡಿ

ಮೊನ್ನೆ ಪಕ್ಕದ ಮನೆಯಾಕೆ ಮಗಳ ಶಾಲೆಯ ಕೆಲಸಕ್ಕೆಂದು ಮೈದಾ ಅಂಟು ಕುದಿಸುತ್ತಿದ್ದಳು. ತಳ ಹಿಡಿದ ಮೈದಾದ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಕ್ಕಾವ್ರ ಖೋಲಿ... ಡಿಸೆಂಬರಿನ ಬೆಳಗು... ಚಾಪೆಯ ಮೇಲೆ ಎಂಟು ಮಕ್ಕಳು.

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಕಾರ್ಮಿಕರ ಕಾಲೊನಿಯೊಂದರಲ್ಲಿ ಅಕ್ಕಾವ್ರು ಎರಡು ಕೋಣೆಯ ಪಾಳಣಾಘರ ನಡೆಸುತ್ತಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಮೂರು ವರ್ಷದೊಳಗಿನ ಮಕ್ಕಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಅಕ್ಕಾವ್ರು ಜಮಖಂಡಿ ಕಡೆಯವರು. ಗಂಡ ತೀರಿದ ಮೇಲೆ ಆ ಎರಡು ಖೋಲಿಯೇ ಅವರ ಬದುಕು. ನಾನು ಮದುವೆಯಾಗಿ ವಿಜಯಪುರದಿಂದ ಬಂದ ಹೊಸತು, ಮರಾಠಿ ಅಷ್ಟಕ್ಕಷ್ಟೇ. ನಮ್ಮ ಕಡೆಯ ಹುಡುಗಿ ಅಂತ ಕರೆದು ಕೆಲಸ ಕೊಟ್ಟಿದ್ದರು.

ಚಳಿ ಬಿದ್ದರೆ ಮಕ್ಕಳನ್ನು ಅಂಗಳಕ್ಕೆ ಬಿಡುವಂತಿರಲಿಲ್ಲ. ಅದಕ್ಕೇ ಒಳಗೆ ಏನಾದರೂ ಮಾಡಿಸುತ್ತಿದ್ದರು. ಬಣ್ಣದ ಕಾಗದ ಹರಿದು ಕಾಗದದ ಸ್ವೆಟರಿಗೆ ಅಂಟಿಸುವುದು, ದಪ್ಪ ಉಲ್ಲನ್ ಎಳೆಯಿಂದ ಟೊಪ್ಪಿಗೆಗೆ ಗೊಂಡೆ ಕಟ್ಟುವುದು, ಅರಳೆ ಮೆತ್ತಿ ಕುರಿ ಮಾಡುವುದು. ಮಕ್ಕಳು ಬೆರಳು ನೆಕ್ಕುತ್ತವೆಂದು ಅಂಗಡಿಯ ಅಂಟು ತರುತ್ತಿರಲಿಲ್ಲ, ತಾವೇ ಮೈದಾ ಕುದಿಸುತ್ತಿದ್ದರು. ಕುರಿಯ ಕಣ್ಣಿಗೆ ಇದ್ದಿಲ ಪುಡಿಯಲ್ಲಿ ಬೆರಳದ್ದಿ ಚುಕ್ಕೆ ಇಡಿಸುವರು. ಅವರದು ಒಂದೇ ನೇಮ: “ಮಗುವಿನ ಮುಷ್ಟಿಗಿಂತ ಸಣ್ಣ ಸಾಮಾನು ಈ ಖೋಲಿಯೊಳಗ ಬರಬಾರದು.”

ನನಗೆ ಆ ಇದ್ದಿಲ ಚುಕ್ಕೆ ಸೊಗಸೆನಿಸುತ್ತಿರಲಿಲ್ಲ. ತಾಯಂದಿರ ಫೋನಿಗೆ ಫೋಟೋ ಕಳಿಸುವ ಕೆಲಸ ನನ್ನದು. ಮೊಬೈಲಿನಲ್ಲಿ ನೋಡಿದ ಕುರಿಗಳಿಗೆ ಹೊಳೆಯುವ ಕಣ್ಣಿದ್ದವು. ಒಂದು ಬೆಳಿಗ್ಗೆ ದರ್ಜಿಯ ಅಂಗಡಿಯಿಂದ ಅಂಗಿಯ ಸಣ್ಣ ಕರಿ ಗುಂಡಿ ತಂದೆ. ಎಂಟು ಕುರಿ, ಹದಿನಾರು ಗುಂಡಿ. ಅಕ್ಕಾವ್ರು ಒಳಗೆ ಹಾಲು ಕಾಯಿಸುವಾಗ ಮಕ್ಕಳ ಕೈಗೆ ಎರಡೆರಡು ಕೊಟ್ಟು ಅಂಟಿಸಲು ಹೇಳಿದೆ. ಭಾಳ ಚಂದ ಕಂಡವು. ಫೋಟೋ ಕಳಿಸಿದೆ.

ಹಾಲಿನ ಬಟ್ಟಲು ಹಿಡಿದು ಬಂದ ಅಕ್ಕಾವ್ರು ನಿಂತಲ್ಲೇ ನಿಂತರು. ಬೈಯಲಿಲ್ಲ. ಬಟ್ಟಲು ಮೇಲಿಟ್ಟು, ಬಾಗಿಲ ಚಿಲಕ ಹಾಕಿ, ಒಂದೊಂದೇ ಕುರಿ ಎತ್ತಿಕೊಂಡು ಗುಂಡಿ ಎಣಿಸಿದರು. ಹದಿನೈದು.

ಚಾಪೆ ಕೊಡವಿದೆವು. ಹಾಸಿಗೆ, ಜೇಬು, ಚಡ್ಡಿ, ಬಚ್ಚಲ ಜಾಲರಿ, ಅರಳೆಯ ಗಂಟು... ಎಲ್ಲೂ ಇಲ್ಲ. ಮಕ್ಕಳು ಇದೂ ಆಟವೆಂದು ನಗುತ್ತಿದ್ದವು.

ಎರಡು ವರ್ಷದ ಹುಡುಗಿಯೊಬ್ಬಳು ಒಮ್ಮೆ ಕೆಮ್ಮಿದಳು. ಗುಬ್ಬಿಯಂತಿದ್ದ ಅವಳನ್ನು ಎಲ್ಲರೂ ಚಿಮಣಿ ಅನ್ನುತ್ತಿದ್ದರು, ಮರಾಠಿಯಲ್ಲಿ ಗುಬ್ಬಿಗೆ ಅದೇ ಹೆಸರು. ಅವಳಿಗೆ ಎರಡು ದಿನದಿಂದ ನೆಗಡಿ ಇತ್ತು. ಅಕ್ಕಾವ್ರು ಎಲ್ಲ ಮಕ್ಕಳ ಬೆನ್ನಿಗೂ ಕಿವಿ ಹಚ್ಚಿ ಕೇಳಿದರು. ಚಿಮಣಿಯ ಬಳಿ ಮಾತ್ರ ಎರಡು ಸಲ, ಮೂರು ಸಲ ಕೇಳಿದರು.

“ಇಲ್ಲಿ ಕಿವಿ ಇಡು,” ಅಂದರು ನನಗೆ.

ಎಡಗಡೆ ಉಸಿರು ಸರಾಗವಾಗಿತ್ತು. ಬಲಗಡೆ ಸಣ್ಣಗೆ ಸೀಟಿ.

ಹುಡುಗಿ ಆಡುತ್ತಿದ್ದಳು, ಹಾಲೂ ಬೇಡುತ್ತಿದ್ದಳು. ನಾನು ಅಂದೆ, “ಅಕ್ಕಾರ, ಥಂಡಿ ಕೆಮ್ಮು ಅದು. ಗುಂಡಿ ಎಲ್ಲೋ ಬಿದ್ದಿರಬೇಕ್ರಿ. ಹೇಳಿದ್ರ ನಾಳೆ ಒಬ್ರೂ ಮಕ್ಕಳನ್ನ ಕಳಸಂಗಿಲ್ಲ.”

ಅವರು ನನ್ನ ಮುಖ ನೋಡಿದರು. “ಹೇಳದಿದ್ರ?”

ಅಷ್ಟೇ. ಫೋನು ಎತ್ತಿಕೊಂಡರು.

ಚಿಮಣಿಯ ತಾಯಿಗೆ ಪುಣೆಯ ಶಿವಾಜಿನಗರದಲ್ಲಿ ಕೆಲಸ. ಲೋಕಲ್ ರೈಲು ಹಿಡಿದು ಬರುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿಯವರೆಗೆ ಅಕ್ಕಾವ್ರು ಹುಡುಗಿಯನ್ನು ನೆಟ್ಟಗೆ ತೊಡೆಯ ಮೇಲೆ ಕೂಡಿಸಿಕೊಂಡು, ಗುಟುಕು ನೀರೂ ಕುಡಿಸದೆ, ಅಳದಂತೆ ನೋಡಿಕೊಂಡರು. ಉಳಿದ ಮಕ್ಕಳನ್ನು ನೆರೆಮನೆಯವರಿಗೆ ಒಪ್ಪಿಸಿ ಪಕ್ಕದ ಗಲ್ಲಿಯ ಡಾಕ್ಟರ ಬಳಿ ಹೋದೆವು. ಅವರು ನೋಡಿ, ನೆಗಡಿ ಅಂತ ಔಷಧ ಬರೆದರು. ತಾಯಿಗೆ ಜೀವ ಬಂದಂತಾಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ನನಗೂ ಉಸಿರು ಬಂತು. ಆದರೆ ಅಕ್ಕಾವ್ರು ದವಾಖಾನೆಯ ಬಾಗಿಲಿಗೆ ಅಡ್ಡ ನಿಂತರು. ಕೈ ಜೋಡಿಸಿ ಮರಾಠಿಯಲ್ಲಿ ಹೇಳಿದರು: “ಮನೆಗೆ ಹೋಗಬೇಡಿ. ನನ್ನ ಕಡೆಯಿಂದ ತಪ್ಪಾಗಿದೆ. ಗುಂಡಿ ಒಳಗೆ ಹೋಗಿದೆ. ದೊಡ್ಡ ಆಸ್ಪತ್ರೆಗೆ ನಡೀರಿ.”

ರಿಕ್ಷಾ ಹಿಡಿದೆವು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅಕ್ಕಾವ್ರು ಆ ಬೆನ್ನಿಗೆ ಕಿವಿ ಹಚ್ಚುತ್ತಿದ್ದರು.

ಎಕ್ಸ್‌ರೇಯಲ್ಲಿ ಗುಂಡಿ ಕಾಣಲಿಲ್ಲ. ಪ್ಲಾಸ್ಟಿಕ್ ಕಾಣುವುದಿಲ್ಲವಂತೆ. ಆದರೆ ಬಲಗಡೆಯ ಶ್ವಾಸಕೋಶ ಒಳಹೋದ ಗಾಳಿ ಹೊರಬರಲಾಗದೆ ಉಬ್ಬಿತ್ತು. ಮಗುವಿಗೆ ಮಂಪರು ಕೊಟ್ಟು ನಳಿಗೆ ಇಳಿಸಲು ಒಳಗೆ ಒಯ್ದರು. ಅಷ್ಟರಲ್ಲಿ ತಂದೆಯೂ ಫ್ಯಾಕ್ಟರಿಯ ಅಂಗಿಯಲ್ಲೇ ಓಡಿಬಂದ. ಆ ಒಂದೂವರೆ ತಾಸು... ತಾಯಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಅಕ್ಕಾವ್ರು ಕುಳಿತುಕೊಳ್ಳಲೇ ಇಲ್ಲ. ನಾನು ಅವರ ಹಿಂದೆ ಮರೆಯಾಗಿ ನಿಂತಿದ್ದೆ.

ಡಾಕ್ಟರು ಹೊರಬಂದು ಸಣ್ಣ ಬಾಟಲಿ ತೋರಿಸಿದರು. ಒಳಗೆ ಕರಿ ಗುಂಡಿ. ಒಂದು ರಾತ್ರಿ ತಡವಾಗಿದ್ದರೂ ಅದು ಜಾರಿ ಉಸಿರನ್ನೇ ಮುಚ್ಚಬಹುದಿತ್ತು ಎಂದರು.

ತಂದೆ ತಿರುಗಿ ಕೂಗಿದ, “ಯಾರು ಕೊಟ್ಟಿದ್ದು ಇದನ್ನ?”

ಅಕ್ಕಾವ್ರು ನನ್ನತ್ತ ಕಣ್ಣೂ ಹಾಯಿಸಲಿಲ್ಲ. “ಖೋಲಿ ನಂದು. ಜವಾಬ್ದಾರಿ ನಂದು,” ಅಂದರು. ಅವನು ಬಾಯಿಗೆ ಬಂದಂತೆ ಬೈದ. ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ತುಟಿ ಬಿಚ್ಚಲಿಲ್ಲ.

ಎರಡೇ ದಿನಕ್ಕೆ ಕಾಲೊನಿಗೆಲ್ಲ ಸುದ್ದಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ಖೋಲಿಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಅಕ್ಕಾವ್ರು ಬೀಗ ಹಾಕಿ ಸಾಸವಡದ ತಂಗಿಯ ಮನೆಗೆ ಹೋದರು. ಹೋಗುವ ದಿನವೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ...

ಮರುವರ್ಷ ನೋಡಲು ಹೋದೆ. ಅವರು ಕೇಳಿದ್ದು ಒಂದೇ: “ಚಿಮಣಿ ಹೆಂಗದಾಳ?”

ನಾನು ಆ ಮನೆಯ ಕಡೆ ತಲೆಹಾಕಿಯೂ ಇರಲಿಲ್ಲ. “ಚಲೋ ಅದಾಳ್ರಿ,” ಅಂದುಬಿಟ್ಟೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಚಿಮಣಿಯ ಮನೆಯ ಬಾಗಿಲು ತಟ್ಟುವ ಧೈರ್ಯ ಬರಲು ಇನ್ನೂ ಎರಡು ವರ್ಷ ಬೇಕಾಯಿತು. ಹೊಸ್ತಿಲಲ್ಲೇ ನಿಂತು, ಗುಂಡಿ ಕೊಟ್ಟವಳು ನಾನು ಎಂದು ಅವಳ ತಾಯಿಗೆ ಹೇಳಿದೆ. “ಅವರ ಮೇಲೆ ಕೂಗಾಡಿದೆವಲ್ಲ,” ಅಂದಳು ಆಕೆ. ಒಳಗಿನಿಂದ ಚಿಮಣಿ ಎರಡು ಜಡೆ ಹಾಕಿಕೊಂಡು ಓಡಿಬಂದಳು. ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತಿದಳು. ಉಸಿರು ಒಂಚೂರೂ ಏರಲಿಲ್ಲ.

ಅದನ್ನು ಹೇಳಲೆಂದೇ ಮರುದಿನ ಸಾಸವಡದ ಬಸ್ಸು ಹತ್ತಿದೆ. ತಂಗಿ ಬಾಗಿಲು ತೆಗೆದರು. ಅಕ್ಕಾವ್ರು ಮಳೆಗಾಲದಲ್ಲೇ ತೀರಿಕೊಂಡಿದ್ದರು.

“ಆ ಹುಡುಗಿ ಉಸಿರು ಹೆಂಗೈತೋ ಅಂತ ಭಾಳ ಸಲ ಅಂತಿದ್ಲು,” ಅಂದರು ತಂಗಿ. ನಾನು ಕಂಡದ್ದನ್ನೆಲ್ಲ ಅವರ ಮುಂದೆ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು.

ಹೇಳಿ ಬಂದದ್ದಾಯಿತು, ವರ್ಷಗಳೂ ಕಳೆದವು. ಆದರೆ ಅವರ ತಂಗಿಗೆ ಹೇಳಿದ್ದು ಅವರಿಗೆ ಹೇಳಿದಂತೆ ಆಗಲಿಲ್ಲ. ಇವತ್ತಿಗೂ ಆಗಿಲ್ಲ.